ಪೋಲೆಂಡಿನಲ್ಲಿ ಸ್ವಯಂಸೇವೆಗೆ ಹೊರಡುವ ಮುನ್ನ

ನಾನು ಶನಿವಾರಗಳಂದು ಸಂಬಳವಿಲ್ಲದ ಕೆಲಸಕ್ಕೆ ಹೋಗುತ್ತೇನೆಂದು ತಿಳಿದಾಗ ನಮ್ಮ ಮೇಲಿನ ಮನೆಯ ಅಜ್ಜಿ ಹುಬ್ಬು ಗಂಟಿಕ್ಕಿ ಕೇಳಿದ್ದು ಒಂದೇ ಮಾತು: "ಯಾರು ಹೋಗು ಎಂದರು?"

ಸಾಗರದ ಹತ್ತಿರದ ಹಳ್ಳಿಯಲ್ಲಿ, ಕಂಡವರ ಮದುವೆಮನೆಯಲ್ಲೂ ಎಲೆ ಹಾಕಿ ಬಡಿಸಿ ಬೆಳೆದವಳು ನಾನು. 2017ರಲ್ಲಿ ಗಂಡನ ನೌಕರಿಯ ಬೆನ್ನಿಗೆ ಪೋಲೆಂಡಿನ ವ್ರೊತ್ಸ್ವಾಫ್ ನಗರಕ್ಕೆ ಬಂದೆ (ಬರೆಯುವುದು ಒಂದು, ಉಚ್ಚರಿಸುವುದು ಇನ್ನೊಂದು, ಈ ಭಾಷೆಯೇ ಹಾಗೆ). ಅಜ್ಜಿಯ ಪ್ರಶ್ನೆ ಅರ್ಥವಾಗಲು ಒಂದು ವರ್ಷ ಬೇಕಾಯಿತು. ಕಮ್ಯುನಿಸ್ಟ್ ಆಡಳಿತದಲ್ಲಿ ಇಲ್ಲಿ ‘ಚಿನ್ ಸ್ಪೊವೆಚ್ನಿ’ ಎಂಬುದೊಂದಿತ್ತು. ಹೆಸರಿಗೆ ಸಮಾಜಕಾರ್ಯ. ರಜೆಯ ದಿನ ಕಾರ್ಖಾನೆಯವರು, ಶಾಲೆಯವರು ಹಿಂಡಾಗಿ ಹೋಗಿ ಗಿಡ ನೆಡಬೇಕು, ಉದ್ಯಾನ ಗುಡಿಸಬೇಕು. ಸ್ವಂತ ಇಚ್ಛೆಯಿಂದ ಎಂದು ಕಾಗದದಲ್ಲಿತ್ತು. ತಪ್ಪಿಸಿಕೊಂಡರೆ ಮೇಲಿನವರ ಕಣ್ಣು ಕೆಂಪಾಗುತ್ತಿತ್ತು. ನಮ್ಮ ಹಿರಿಯರು ಬಿಟ್ಟಿ ಚಾಕರಿ ಎನ್ನುತ್ತಿದ್ದುದಕ್ಕೆ ಇದು ಹತ್ತಿರದ ನೆಂಟ. ಆದ್ದರಿಂದ ವಯಸ್ಸಾದವರ ಮುಂದೆ ‘ಸಮಾಜಕಾರ್ಯ’ವನ್ನು ಪೋಲಿಷ್‌ಗೆ ತಿರುಗಿಸಿ ಹೇಳಲು ಹೋಗಬೇಡಿ. ‘ವೊಲೊಂತಾರ್ಯಾತ್’ (ಸ್ವಯಂಸೇವೆ) ಎನ್ನಿ, ಆ ಮಾತಿಗೆ ಹಳೆಯ ಹುಳಿ ಅಂಟಿಲ್ಲ.

ಇನ್ನು ಕಾಗದದ ವಿಷಯ. ಸೆರಗು ಸಿಕ್ಕಿಸಿ ನೇರ ಪಂಕ್ತಿಗೆ ಇಳಿಯುವ ನಮ್ಮ ಪದ್ಧತಿ ಇಲ್ಲಿ ನಡೆಯುವುದಿಲ್ಲ. 2003ರ ಕಾನೂನಿನ ಪ್ರಕಾರ ನೀವೂ ಸಂಸ್ಥೆಯೂ ಒಪ್ಪಂದ ಮಾಡಿಕೊಳ್ಳಬೇಕು. ಅದಕ್ಕೆ ‘ಪೊರೊಝುಮ್ಯೆನ್ಯೆ’ ಎನ್ನುತ್ತಾರೆ. ಕೆಲಸ 30 ದಿನ ಮೀರುವುದಾದರೆ ಅದು ಲಿಖಿತವಾಗಿಯೇ ಇರಬೇಕು, ಅದಕ್ಕಿಂತ ಕಡಿಮೆಯಾದರೂ ನೀವು ಕೇಳಿದರೆ ಬರೆದುಕೊಡಬೇಕು. ಕಡಿಮೆ ದಿನದ ಕೆಲಸಕ್ಕೆ ಅಪಘಾತ ವಿಮೆ ಮಾಡಿಸುವ ಹೊಣೆ ಸಂಸ್ಥೆಯದು. ಬಸ್ಸಿನ ಖರ್ಚನ್ನೂ ಅವರೇ ಕೊಡಬೇಕು, ಬೇಡವೆಂದು ನೀವು ಬರೆದುಕೊಟ್ಟಿದ್ದರೆ ಮಾತ್ರ ಇಲ್ಲ. ಮೊದಲ ಸಲ ಹಾಳೆಗಳನ್ನು ಮುಂದಿಟ್ಟಾಗ ನನಗೆ ನಗು ಬಂದಿತ್ತು: ತರಕಾರಿ ಬೇರ್ಪಡಿಸಲು ಇಷ್ಟೊಂದೇ? ಆದರೆ ಆ ಹಾಳೆಯಲ್ಲಿ ಒಂದು ಸಾಲು ಕಡ್ಡಾಯವಾಗಿ ಇರಬೇಕು, ಅದನ್ನು ಬೆರಳಿಟ್ಟು ಹುಡುಕಿ. ಒಪ್ಪಂದವನ್ನು ಮುರಿಯಬಹುದು ಎಂಬ ಸಾಲು. ಅಜ್ಜಿಗೆ ಅದನ್ನು ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು, ಏನೂ ಹೇಳಲಿಲ್ಲ, ಉಪ್ಪಿನಕಾಯಿ ಸೌತೆಯ ಬಾಟಲಿಯೊಂದನ್ನು ಕೊಟ್ಟು ಕಳಿಸಿದರು.

ಕಾಗದ ಕೇಳದೆ ನಾನು ಪೆಟ್ಟು ತಿಂದದ್ದೂ ಇದೆ. ಒಂದು ಪ್ರತಿಷ್ಠಾನ ನಿರಾಶ್ರಿತರಿಗೆ ಭಾಷೆ ಕಲಿಸುವ ಕೆಲಸವೆಂದು ಕರೆದು, ಮೂರನೆಯ ವಾರದಿಂದ ತನ್ನ ಕಾಫಿ ಅಂಗಡಿಯಲ್ಲಿ ಲೋಟ ತೊಳೆಯಲು ನಿಲ್ಲಿಸಿತು. ಲಾಭರಹಿತ ಸಂಸ್ಥೆಯೇ ಆದರೂ ಅದು ನಡೆಸುವ ವ್ಯಾಪಾರಕ್ಕೆ ಸ್ವಯಂಸೇವಕರನ್ನು ಬಳಸುವಂತಿಲ್ಲ ಎಂದು ಅದೇ ಕಾನೂನು ಹೇಳುತ್ತದೆ. ನನಗದು ಗೊತ್ತಾದದ್ದು ಲೋಟ ತೊಳೆದು ತೊಳೆದು ಕೈ ಒಡೆದ ಮೇಲೆ.

ಮಕ್ಕಳ ಜೊತೆ ಕೆಲಸ ಮಾಡುವ ಆಸೆಯಿದ್ದರೆ ಎರಡು ತಿಂಗಳು ಮೊದಲೇ ಹೊರಡಿ. 2024ರಿಂದ ನಿಯಮ ಬಿಗಿಯಾಗಿದೆ. ನಾವು ಭಾರತದ ಪೌರರಾದ್ದರಿಂದ ಭಾರತದ ಪೊಲೀಸ್ ಕ್ಲಿಯರೆನ್ಸ್ ಪತ್ರವನ್ನೂ ಕೇಳುತ್ತಾರೆ, ಅದಕ್ಕೆ ಪ್ರಮಾಣಿತ ಅನುವಾದಕರ ಪೋಲಿಷ್ ಅನುವಾದ ಬೇರೆ. ಬೇಸರಿಸಬೇಡಿ, ನನ್ನ ಮಗಳ ಶಾಲೆಗೆ ಬರುವವರನ್ನೂ ಹೀಗೆಯೇ ಸೋಸಲಿ ಎಂಬುದೇ ನನ್ನ ಆಸೆ.

ಸಮಯವೇ ಇಲ್ಲ ಎನ್ನುವ ಐಟಿಯವರಿಗೆ: ವರ್ಷದ ತೆರಿಗೆ ವಿವರವನ್ನು ಏಪ್ರಿಲ್ 30ರೊಳಗೆ ಸಲ್ಲಿಸುತ್ತೀರಲ್ಲ, ಅದರಲ್ಲಿ ಸಾರ್ವಜನಿಕ ಹಿತದ ಸಂಸ್ಥೆಯೊಂದರ ಹತ್ತಂಕಿಯ ನೋಂದಣಿ ಸಂಖ್ಯೆ ಬರೆಯಿರಿ. ನಿಮ್ಮ ತೆರಿಗೆಯ ಶೇ 1.5 ಭಾಗವನ್ನು ಸರ್ಕಾರ ಅವರಿಗೆ ಕಳಿಸುತ್ತದೆ (2023ಕ್ಕೆ ಮೊದಲು ಶೇ 1 ಇತ್ತು). ನಿಮ್ಮ ಜೇಬಿನಿಂದ ಒಂದು ಕಾಸೂ ಹೆಚ್ಚಿಗೆ ಹೋಗುವುದಿಲ್ಲ. ಕನ್ನಡ ಕೂಟವನ್ನು ನೋಂದಾಯಿಸಬೇಕೆನ್ನುವವರಿಗೆ ಏಳು ಜನ ಸಾಕು, ಇಲ್ಲಿ ವಾಸವಿರುವ ವಿದೇಶಿಯರಿಗೂ ಆ ಹಕ್ಕಿದೆ. ಸರಳ ರೂಪದ ಸಂಘಕ್ಕಾದರೆ ಮೂವರೇ ಸಾಕು. ಅಧ್ಯಕ್ಷರು ಯಾರೆಂಬ ಜಗಳ ನಿಮಗೆ ಬಿಟ್ಟದ್ದು.

ಎಲ್ಲಿಂದ ಶುರು ಮಾಡಲಿ ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ‘ವೊಶ್ಪ್’. ದೇಣಿಗೆ ಎತ್ತುವ ಸಂಸ್ಥೆಯೊಂದರ, ಕ್ರಿಸ್‌ಮಸ್ ನೆರವಿನ ಮಹಾ ವಾದ್ಯವೃಂದ ಎಂಬ ಅರ್ಥದ ಉದ್ದ ಹೆಸರಿನ ಚುಟುಕು ರೂಪ ಅದು. ಯುರೆಕ್ ಓಫ್ಶ್ಯಾಕ್ ಎಂಬ ರೇಡಿಯೊ ನಿರೂಪಕ 1993ರ ಜನವರಿಯಲ್ಲಿ, ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಗೆ ಉಪಕರಣ ಕೊಳ್ಳಲು ದೇಶವೆಲ್ಲ ಡಬ್ಬಿ ಹಿಡಿಯುವಂತೆ ಮಾಡಿದರು. ನನ್ನ ಮಗಳು ಹುಟ್ಟಿದಾಗ ದಾದಿ ಅವಳ ಕಿವಿಗೊಂದು ಸಣ್ಣ ಯಂತ್ರ ಹಿಡಿದು, ಆರೋಗ್ಯ ಪುಸ್ತಕದಲ್ಲಿ ನೀಲಿ ಚೀಟಿ ಅಂಟಿಸಿದರು: ಕೇಳಿಸುತ್ತದೆ, ಚಿಂತೆಯಿಲ್ಲ. ಯಂತ್ರದ ಬೆನ್ನ ಮೇಲೆ ವೊಶ್ಪ್‌ನ ಗುರುತಾದ ಕೆಂಪು ಹೃದಯದ ಸ್ಟಿಕ್ಕರ್ ಇತ್ತು. ನವಜಾತ ಶಿಶುಗಳ ಈ ಶ್ರವಣ ಪರೀಕ್ಷೆ 2002ರಿಂದ ಇವರ ಡಬ್ಬಿಯ ದುಡ್ಡಿನಲ್ಲೇ ಶುರುವಾದದ್ದು.

ಈಗ ಡಬ್ಬಿ ಹಿಡಿಯುವುದು ಜನವರಿಯ ಕೊನೆಯ ಭಾನುವಾರ, ಆದರೆ ಹೆಸರು ಕೊಡುವುದು ಹಿಂದಿನ ವರ್ಷದ ಕೊನೆಯಲ್ಲೇ. ನಿಮ್ಮ ಬಡಾವಣೆಯ ‘ಷ್ತಾಪ್’ (ಸ್ವಯಂಸೇವಕರನ್ನು ಸೇರಿಸಿಕೊಳ್ಳುವ ಸ್ಥಳೀಯ ಕಚೇರಿ) ಎಲ್ಲಿದೆಯೆಂದು ಅಕ್ಟೋಬರಿನಲ್ಲೇ ವಿಚಾರಿಸಿ. ಮೊಹರು ಹಾಕಿದ ಡಬ್ಬಿ, ಫೋಟೊ ಇರುವ ಗುರುತಿನ ಚೀಟಿ, ಸ್ಟಿಕ್ಕರಿನ ಹಾಳೆ ಕೊಡುತ್ತಾರೆ. ದುಡ್ಡು ಹಾಕಿದವರ ಕೋಟಿನ ಮೇಲೆ ಹೃದಯದ ಸ್ಟಿಕ್ಕರ್ ಅಂಟಿಸಿ. ಚಳಿಗೆ ಬೆರಳು ಮರಗಟ್ಟಿ ಸ್ಟಿಕ್ಕರ್ ಬಿಡಿಸಲು ಬರುವುದಿಲ್ಲ, ಬೆರಳ ತುದಿ ತೆರೆದ ಕೈಗವಸು ಕೊಳ್ಳಿ. ಡಬ್ಬಿಯನ್ನು ಯಾವ ಕಾರಣಕ್ಕೂ ನೀವೇ ತೆರೆಯಬೇಡಿ, ಸಂಜೆ ಷ್ತಾಪ್‌ಗೆ ಒಪ್ಪಿಸಿ. ಚಿಲ್ಲರೆ ತುಂಬಿದ ಡಬ್ಬಿ ಮಧ್ಯಾಹ್ನದ ಹೊತ್ತಿಗೆ ಕತ್ತು ಎಳೆಯುತ್ತದೆ, ಪಟ್ಟಿಯನ್ನು ಕೋಟಿನ ಕಾಲರಿನ ಮೇಲೆ ಬರುವಂತೆ ಹಾಕಿಕೊಳ್ಳಿ.