ಶಾಲಾ ಲೆವಿಯ ಪ್ರಸ್ತಾವವನ್ನು ಓದುವ ಬಗೆ: ವಾಷಿಂಗ್ಟನ್ ರಾಜ್ಯದ ಮತದಾರರಿಗೆ

ವಾಷಿಂಗ್ಟನ್ ರಾಜ್ಯದಲ್ಲಿ ಶಾಲಾ ಲೆವಿ ಎಂದರೆ, ಒಂದು ಸ್ಕೂಲ್ ಡಿಸ್ಟ್ರಿಕ್ಟ್ (ಒಂದು ಪ್ರದೇಶದ ಸಾರ್ವಜನಿಕ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ) ತನ್ನ ವ್ಯಾಪ್ತಿಯ ಮತದಾರರ ಒಪ್ಪಿಗೆ ಪಡೆದು, ಗೊತ್ತುಪಡಿಸಿದ ವರ್ಷಗಳ ಮಟ್ಟಿಗೆ ಆಸ್ತಿ ತೆರಿಗೆಯೊಂದಿಗೆ ವಸೂಲಿ ಮಾಡುವ ಹಣ. ಅಂಚೆಯಲ್ಲಿ ಬರುವ ಮತಪತ್ರದಲ್ಲಿ ಶಾಲೆಯ ಪ್ರಸ್ತಾವವಿದ್ದರೆ, ಅದು ಲೆವಿಯೋ ಬಾಂಡೋ ಎಂಬುದನ್ನು ಮೊದಲು ನೋಡಿಕೊಳ್ಳಿ. ಬಾಂಡ್ ಎಂಬುದು ಕಟ್ಟಡಗಳಿಗಾಗಿ ಎತ್ತುವ ಸಾಲ, ಅದಕ್ಕೆ ಶೇ. 60ರಷ್ಟು ಮತ ಬೇಕು. ಲೆವಿಗೆ 2007ರ ಸಂವಿಧಾನ ತಿದ್ದುಪಡಿಯ ನಂತರ ಸರಳ ಬಹುಮತ ಸಾಕು.

ಲೆವಿಗಳಲ್ಲಿಯೂ ಬಗೆಗಳಿವೆ. ಕಟ್ಟಡ ಮತ್ತು ತಂತ್ರಜ್ಞಾನದ ಲೆವಿ ಆರು ವರ್ಷಗಳವರೆಗೆ ಇರಬಹುದು. ಮಕ್ಕಳಿಗೆ ದಿನನಿತ್ಯ ದೊರೆಯುವ ಸೇವೆಗಳಿಗೆ ಹಣ ಬರುವುದು ಹೆಚ್ಚೆಂದರೆ ನಾಲ್ಕು ವರ್ಷ ನಡೆಯುವ ಎನ್‌ರಿಚ್‌ಮೆಂಟ್ ಲೆವಿಯಿಂದ. ಮೂಲ ಶಿಕ್ಷಣದ, ಅಂದರೆ ಎಲ್ಲ ಮಕ್ಕಳಿಗೂ ಕೊಡಲೇಬೇಕಾದ ಶಿಕ್ಷಣದ, ವೆಚ್ಚವನ್ನು ಭರಿಸುವುದು ರಾಜ್ಯದ ಹೊಣೆ, ಅದನ್ನು ಸ್ಥಳೀಯ ಲೆವಿಯ ಮೇಲೆ ಹೊರಿಸುವಂತಿಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟ್ 2012ರಲ್ಲಿ ಮೆಕ್ಲಿಯರಿ ಪ್ರಕರಣದಲ್ಲಿ ತೀರ್ಪಿತ್ತಿತು. ಆ ತೀರ್ಪಿನ ಫಲವಾಗಿ ಬಂದ 2017ರ ಕಾನೂನು, ಈ ಲೆವಿಯ ಹಣ ಮೂಲ ಶಿಕ್ಷಣಕ್ಕಿಂತ ಹೆಚ್ಚಿನದಕ್ಕೆ ಮಾತ್ರ ಎಂದು ಗೆರೆ ಎಳೆಯಿತು. ಕಾಗದದ ಮೇಲೆ ಈ ಗೆರೆ ಸ್ಪಷ್ಟವಾಗಿದೆ, ಶಾಲೆಯೊಳಗೆ ಅಷ್ಟಿಲ್ಲ. ರಾಜ್ಯದ ಅನುದಾನದ ಲೆಕ್ಕಾಚಾರ ಒಂದು ಶಾಲೆಗೆ ಪೂರ್ಣಾವಧಿ ನರ್ಸ್ ಅಥವಾ ಕೌನ್ಸೆಲರ್‌ಗೆ ಸಾಲುವಷ್ಟು ಹಣ ಕೊಡದಿದ್ದಾಗ, ಉಳಿದ ಸಂಬಳ ಲೆವಿಯಿಂದಲೇ ಬರಬೇಕಾಗುತ್ತದೆ. ಕ್ರೀಡಾ ತಂಡಗಳು, ಸಂಗೀತ, ನಾಟಕ, ವಿಶೇಷ ಅಗತ್ಯದ ಮಕ್ಕಳ ಶಿಕ್ಷಣದಲ್ಲಿ ಬೀಳುವ ಕೊರತೆ, ಇವೂ ಲೆವಿಯ ಪಾಲೇ. ಆದ್ದರಿಂದ ಡಿಸ್ಟ್ರಿಕ್ಟ್ ಪ್ರಕಟಿಸುವ ವೆಚ್ಚದ ಯೋಜನೆಯಲ್ಲಿ ನಿಮ್ಮ ಮಗುವಿನ ಶಾಲೆಯ ಯಾವ ಹುದ್ದೆಗಳು ಲೆವಿಯನ್ನು ನಂಬಿಕೊಂಡಿವೆ ಎಂದು ಹುಡುಕಿ. ಪ್ರಚಾರ ಪತ್ರಗಳಿಗಿಂತ ಅದೇ ಹೆಚ್ಚು ಹೇಳುತ್ತದೆ.

ಮತಪತ್ರದ ಪಟ್ಟಿಯಲ್ಲಿ ಪ್ರತಿ ವರ್ಷಕ್ಕೆ ಎರಡು ಅಂಕಿಗಳಿರುತ್ತವೆ: ಸಂಗ್ರಹಿಸುವ ಒಟ್ಟು ಮೊತ್ತ ಮತ್ತು ಪ್ರತಿ ಸಾವಿರ ಡಾಲರ್ ಆಸ್ತಿ ಮೌಲ್ಯಕ್ಕೆ ಬೀಳುವ ದರ. ಹೆಚ್ಚಿನವರ ಕಣ್ಣು ದರದ ಮೇಲೆ ಬೀಳುತ್ತದೆ, ಆದರೆ ಅದು ಅಂದಾಜು ಮಾತ್ರ. ಮತದಾರರು ಒಪ್ಪುವುದು ಮೊತ್ತವನ್ನು. ಡಿಸ್ಟ್ರಿಕ್ಟ್‌ನ ಎಲ್ಲ ಮನೆಗಳ ಮೌಲ್ಯ ಏರಿದರೆ ದರ ಇಳಿಯುತ್ತದೆಯೇ ಹೊರತು ಡಿಸ್ಟ್ರಿಕ್ಟ್‌ಗೆ ಹೆಚ್ಚು ಹಣ ಸಿಗುವುದಿಲ್ಲ. ನೆರೆಹೊರೆಗಿಂತ ನಿಮ್ಮ ಮನೆಯ ಮೌಲ್ಯ ವೇಗವಾಗಿ ಏರಿದ್ದರೆ ಮಾತ್ರ ನಿಮ್ಮ ಪಾಲು ಹಿಗ್ಗುತ್ತದೆ. 8 ಲಕ್ಷ ಡಾಲರ್ ಮೌಲ್ಯದ ಮನೆಗೆ ದರ 1.50 ಡಾಲರ್ ಇದ್ದರೆ ವರ್ಷಕ್ಕೆ 1,200 ಡಾಲರ್. ಶಾಸನಸಭೆ ಲೆವಿಗೆ ಮಿತಿ ಹಾಕಿರುವುದರಿಂದ ಒಪ್ಪಿಗೆಯಾದ ಮೊತ್ತಕ್ಕಿಂತ ಕಡಿಮೆ ವಸೂಲಾಗುವುದೂ ಉಂಟು.

ಪ್ರಸ್ತಾವ ಹಳೆಯ ಲೆವಿಯ ಬದಲಿಗೆ ಬರುವಂಥದ್ದಾದರೆ, ಹೊಸ ಮೊತ್ತವನ್ನು ಹಳೆಯದರ ಕೊನೆಯ ವರ್ಷದ ಮೊತ್ತದೊಂದಿಗೆ ಹೋಲಿಸಿ. ಇಡೀ ಮೊತ್ತವನ್ನು ಹೊಸ ತೆರಿಗೆಯೆಂದು ಎಣಿಸುವುದು ತಪ್ಪು. ಏರಿಕೆಯೇ ಇಲ್ಲವೆಂದು ನಂಬುವುದೂ ತಪ್ಪು. 61 ವರ್ಷ ತುಂಬಿದವರು ಮತ್ತು ಅಂಗವೈಕಲ್ಯದಿಂದ ಕೆಲಸದಿಂದ ನಿವೃತ್ತರಾದವರು, ಆದಾಯ ಮಿತಿಯೊಳಗಿದ್ದರೆ, ಸ್ವಂತ ವಾಸದ ಮನೆಯ ಮೇಲಿನ ಲೆವಿಯಿಂದ ವಿನಾಯಿತಿ ಕೋರಿ ಆಸ್ತಿ ಮೌಲ್ಯ ನಿಗದಿಪಡಿಸುವ ಕೌಂಟಿ ಅಸೆಸರ್ ಕಚೇರಿಗೆ ಅರ್ಜಿ ಸಲ್ಲಿಸಬಹುದು.