ಮೀನು ಗಾಡಿಗೆ ಬರುವಾಗ ನೂರರ ನೋಟು ಮಡಚಬೇಡಿ

ಕೊಡಗಿನ ಸಿದ್ದಾಪುರ, ಪಾಲಿಬೆಟ್ಟ, ಅಮ್ಮತ್ತಿ ಕಡೆ ಗೂಡ್ಸ್ ಆಟೊದಲ್ಲಿ ಮೀನು ಮಾರುವವನು ನಾನು. ಎಸ್ಟೇಟಿನ ಕೆಲಸಗಾರರ ಸಾಲು ಮನೆ, ಅಂದರೆ ಲೈನ್ ಮನೆಯವರಿಗೂ ಹೋಮ್‌ಸ್ಟೇಯವರಿಗೂ ನಾನು ಮೀನ್ ಕಾಕ. ಇಲ್ಲಿಂದ ಕಡಲು ಕಾಣುವುದಿಲ್ಲ, ನಿಜ. ಆದರೆ ಮಾಕುಟ್ಟ ಘಾಟಿ ಹತ್ತಿ ಕಣ್ಣೂರು ಕಡೆಯ ಮೀನು ಬರುತ್ತದೆ, ಸಂಪಾಜೆ ಹತ್ತಿ ಮಂಗಳೂರು ದಕ್ಕೆಯ, ಅಂದರೆ ಮೀನು ಬಂದರಿನ, ಮೀನು ಬರುತ್ತದೆ. ನೀವು ಕೇಳಿದ್ದನ್ನು ನಾನು ತರುತ್ತೇನೆ. ನಾನು ಕೇಳಿದ್ದನ್ನು ದಕ್ಕೆಯವರು ಕಳಿಸುತ್ತಾರೆ. ಹಾಗಾಗಿ ಕಡಲು ಖಾಲಿಯಾಗದ ಹಾಗೆ ಮೀನು ಕೊಳ್ಳುವುದು ಹೇಗೆ ಅಂತ ಮಾರುವವನೇ ಹೇಳಿಬಿಡುತ್ತೇನೆ.

ಕಿವಿರು ಎತ್ತಿ ನೋಡುವುದು, ಕಣ್ಣು ನೋಡುವುದು, ಬೆರಳಲ್ಲಿ ಒತ್ತಿ ನೋಡುವುದು ಎಲ್ಲರಿಗೂ ಗೊತ್ತು. ಉದ್ದ ಮಾತ್ರ ಯಾರೂ ನೋಡುವುದಿಲ್ಲ. ಮೊದಲು ನೋಡಬೇಕಾದ್ದೇ ಅದು. ಕೇರಳದಲ್ಲಿ ಮತ್ತಿ (ಬೂತಾಯಿ) 10 ಸೆಂ.ಮೀ.ಗಿಂತ, ಬಂಗುಡೆ 14 ಸೆಂ.ಮೀ.ಗಿಂತ ಚಿಕ್ಕದಿದ್ದರೆ ಹಿಡಿಯುವಂತಿಲ್ಲ ಅಂತ ಕಾನೂನೇ ಇದೆ. ಗಾಡಿ ಹತ್ತಿರ ಸ್ಕೇಲ್ ಹಿಡಿದುಕೊಂಡು ಯಾರು ಬರುತ್ತಾರೆ? ನೋಟು ಸಾಕು. ನೇರಳೆ ಬಣ್ಣದ ಹೊಸ ನೂರರ ನೋಟಿನ ಉದ್ದ 14.2 ಸೆಂ.ಮೀ. ಬಂಗುಡೆ ಅದಕ್ಕಿಂತ ಗಿಡ್ಡ ಇದ್ದರೆ ಬೇಡ ಅನ್ನಿ. ಹೊಸ ಹತ್ತರ ನೋಟು 12.3 ಸೆಂ.ಮೀ. ಇದೆ. ಮತ್ತಿ ಕನಿಷ್ಠ ಅಷ್ಟಾದರೂ ಇರಲಿ. ಕಾನೂನಿಗಿಂತ ಸ್ವಲ್ಪ ಜಾಸ್ತಿಯೇ ಕೇಳುತ್ತಿದ್ದೇನೆ, ಯಾಕೆಂದರೆ ಮತ್ತಿ ಮೊಟ್ಟೆ ಇಡುವುದು ಇನ್ನೂ ಬೆಳೆದ ಮೇಲೆ. ನೋಟನ್ನು ಐಸ್ ನೀರಿಗೆ ಮಾತ್ರ ಬೀಳಿಸಬೇಡಿ, ಆಮೇಲೆ ಅದನ್ನು ಇಸ್ಕೊಳ್ಳಬೇಕಾದವನು ನಾನು.

ಆದರೆ ಚಿಕ್ಕದೆಲ್ಲಾ ಮರಿಯಲ್ಲ. ನೆತ್ತೋಲಿ, ಮಂಗಳೂರಿನವರು ಕೊಲ್ಲತರು ಅನ್ನುತ್ತಾರಲ್ಲ, ಅದು ಬೆಳೆಯುವುದೇ ಅಷ್ಟು. ಅದನ್ನು ಧಾರಾಳವಾಗಿ ಕೊಳ್ಳಿ. ಬೇಡ ಅನ್ನಬೇಕಾದ್ದು 'ಮಿಕ್ಸ್' ಅಂತ ಕಡಿಮೆ ರೇಟಿಗೆ ಸುರಿಯುವ ಗುಡ್ಡೆಯನ್ನು. ಅದರಲ್ಲಿ ಮದ್ಮಲ್, ಪಾಂಬೋಲ್, ಬೊಂಡಾಸ್ (ಸ್ಕ್ವಿಡ್) ಹೀಗೆ ದೊಡ್ಡದಾಗಬೇಕಾದವುಗಳ ಮರಿ ಎಲ್ಲ ಇರುತ್ತವೆ.

ಈ ಗುಡ್ಡೆ ಹುಟ್ಟುವುದು ಟ್ರಾಲ್ ಬೋಟಿನಲ್ಲಿ. ಟ್ರಾಲ್ ಬಲೆ ಕಡಲಿನ ತಳವನ್ನು ಕೆರೆದುಕೊಂಡು ಹೋಗುತ್ತದೆ. ಬಲೆಯ ಕೊನೆಯ ಚೀಲದ ಕಣ್ಣು ಸಣ್ಣದಾದಷ್ಟೂ ಮರಿಗಳು ತಪ್ಪಿಸಿಕೊಳ್ಳುವುದಿಲ್ಲ. ಬೆಲೆ ಸಿಗುವ ಮೀನನ್ನು ಆರಿಸಿದ ಮೇಲೆ ಉಳಿದದ್ದರಲ್ಲಿ ಬಹಳಷ್ಟು ಹೋಗುವುದು ಫಿಶ್‌ಮೀಲ್ ಕಾರ್ಖಾನೆಗೆ. ಅಲ್ಲಿ ಪುಡಿಯಾಗಿ ಸಿಗಡಿಗೆ, ಕೋಳಿಗೆ ಆಹಾರವಾಗುತ್ತದೆ. ಮುಂದಿನ ವರ್ಷ ಕೆ.ಜಿ.ಗೆ ನಾಲ್ಕೈದು ತೂಗಬೇಕಾದ ಬಂಗುಡೆಯನ್ನು ಈ ವರ್ಷವೇ ಕೋಳಿಗೆ ಹಾಕಿದರೆ ನನಗೆ ಮಾರಲು ಏನು ಉಳಿಯುತ್ತದೆ?

ಮತ್ತಿಯ ಕಥೆ ಕೇಳಿ. 2012ರಲ್ಲಿ ಕೇರಳದಲ್ಲಿ ಹತ್ತಿರ ಹತ್ತಿರ ನಾಲ್ಕು ಲಕ್ಷ ಟನ್ ಮತ್ತಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಕಡಲು ಬಿಸಿಯಾದದ್ದೂ ಕಾರಣ, ಮರಿ ಬಿಡದೆ ಬಾಚಿದ್ದೂ ಕಾರಣ. ಲೈನ್ ಮನೆಯವರ ಭಾನುವಾರದ ಸಾರು ಅಂದರೆ ಮತ್ತಿ. ಅದು ದುಬಾರಿ ಅಂಜಲ್ ಮೀನಿನ ರೇಟಿಗೆ ಹೋದರೆ ಅವರು ತಿನ್ನುವುದೇನು?

ಹೋಮ್‌ಸ್ಟೇಯವರಿಗೆ ಎರಡು ಮಾತು. "ಕಾಕಾ, ಪ್ಲೇಟ್ ಸೈಜ್ ಮಾಂಜಿ ಇದ್ಯಾ? ಗೆಸ್ಟಿಗೆ ಇಡೀ ಮೀನು ಬೇಕು" ಅಂತ ಫೋನ್ ಬರುತ್ತದೆ. ತಟ್ಟೆಗೆ ಸರಿಹೋಗುವ ಆ ಮಾಂಜಿ (ಪಾಂಫ್ರೆಟ್) ಇನ್ನೂ ಬೆಳೆಯಬೇಕಾದದ್ದು. ಅಂಜಲ್‌ಗೆ ಕೇರಳದ ಅಳತೆ 50 ಸೆಂ.ಮೀ., ಅಂದರೆ ಮೊಣಕೈಯಿಂದ ಬೆರಳ ತುದಿಗಿಂತ ಸ್ವಲ್ಪ ಉದ್ದ. ಇಡೀ ಮೀನೇ ಬೇಕಾದರೆ ದಪ್ಪ ಬಂಗುಡೆಯನ್ನು ನಮ್ಮ ಕೊಡಗಿನ ಕಪ್ಪು ಹುಳಿ ಕಾಚಂಪುಳಿ, ಕರಿಮೆಣಸು ಹಾಕಿ ಹುರಿದು ಕೊಡಿ. ಬೆಂಗಳೂರಿನವರು ಅಂಜಲ್ ಅಲ್ಲೂ ತಿಂದಿರುತ್ತಾರೆ, ಕಾಚಂಪುಳಿ ಬಂಗುಡೆ ಎಲ್ಲಿ ಸಿಗುತ್ತದೆ? ಇನ್ನು ಬಾಣಂತಿಗೆ ಅಂತ ತಾಟೆ (ಶಾರ್ಕ್) ಕೇಳುವವರಿದ್ದಾರೆ. ತಾಟೆ ಮರಿ ಹಾಕುವುದು ಬಹಳ ಕಡಿಮೆ, ಬೆಳೆಯುವುದೂ ನಿಧಾನ. ನಾನು ತರುವುದನ್ನೇ ಬಿಟ್ಟಿದ್ದೇನೆ.

ಮಳೆಗಾಲಕ್ಕೆ ಬೇರೆ ಲೆಕ್ಕ. ಜೂನ್ 1ರಿಂದ ಜುಲೈ 31ರ ತನಕ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬಹಳ ಮೀನುಗಳು ಮೊಟ್ಟೆ ಇಡುವ ಸಮಯ ಅದು. ಪೂರ್ವ ಕರಾವಳಿಯಲ್ಲಿ ಈ ರಜೆ ಏಪ್ರಿಲ್ 15ರಿಂದ ಜೂನ್ 14. ಹಾಗಾಗಿ ಜುಲೈನಲ್ಲಿ "ತಾಜಾ ಅಂಜಲ್" ಅಂತ ಯಾರಾದರೂ ಕೂಗಿದರೆ ಎಲ್ಲಿಯದು ಅಂತ ಕೇಳಿ. ಆ ಕಡೆಯಿಂದ ಐಸಲ್ಲಿ ದೂರ ಬಂದದ್ದಿರಬಹುದು, ಕೋಲ್ಡ್ ಸ್ಟೋರೇಜಿನದ್ದಿರಬಹುದು. ಆ ಎರಡು ತಿಂಗಳು ಒಣಮೀನು, ಕೆರೆಯಲ್ಲಿ ಸಾಕಿದ ಕಾಟ್ಲಾ ತಿನ್ನಿ. ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ ಗದ್ದೆ ಏಡಿ, ಕಣಿಲೆ, ಅಣಬೆ ಇರುವಾಗ ಕೊಡಗಿನವರಿಗೆ ಕಡಲ ಮೀನಿಲ್ಲ ಅಂತ ಕೊರಗೇಕೆ?

ಕೊನೆಗೆ, "ಯಾವ ಬೋಟಿನದು?" ಅಂತ ಕೇಳಿ. ನಾಡದೋಣಿಯದ್ದು ಬೆಳಗ್ಗೆ ಹೋಗಿ ಬಂದ ಮೀನು. ದೊಡ್ಡ ಟ್ರಾಲ್ ಬೋಟಿನದ್ದು ವಾರಗಟ್ಟಲೆ ಐಸಲ್ಲಿ ಕೂತಿರಬಹುದು. ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ಮತ್ತು ಲೈಟ್ ಹಾಕಿ ಮೀನು ಸೆಳೆದು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಕದ್ದು ಮಾಡುವವರು ಈಗಲೂ ಇದ್ದಾರೆ. ಪ್ರತಿ ಬಾಕ್ಸ್ ಎಲ್ಲಿಯದು ಅಂತ ನನಗೂ ಗೊತ್ತಿರುವುದಿಲ್ಲ. ಆದರೆ ಹತ್ತು ಮನೆಯವರು ಕೇಳಿದರೆ ನಾನೂ ದಕ್ಕೆಯಲ್ಲಿ ಕೇಳಲೇಬೇಕಲ್ವಾ?

ಮೆಣಸಿನ ಬಳ್ಳಿಗೆ ಹಾಕಲು ಮತ್ತಿ ಮತ್ತು ಬೆಲ್ಲ ಕೊಳೆಸುವ ತೋಟದವರೇ, ಅದಕ್ಕೆ ಇಡೀ ಮೀನು ಸುಮ್ನೆ ದಂಡ. ತಲೆ, ಕರುಳು ಸಾಕು. ಮುಚ್ಚಳ ಇರುವ ಬಕೆಟ್ ತನ್ನಿ, ದುಡ್ಡಿಲ್ಲದೆ ತುಂಬಿಸಿ ಕೊಡುತ್ತೇನೆ.