ಚಿಲ್ಲರ್ ಕೂಲಿಂಗ್ ಕೊಡ್ತಿರ್ಲಿಲ್ಲ, ತಪ್ಪು ಇಂಜಿನ್‌ದಲ್ಲ (ನನ್ನ ಅನುಭವ)

ಹಾಸನದಲ್ಲಿ ನಾನು ಮೇಂಟೆನೆನ್ಸ್ ನೋಡ್ಕೊಳ್ಳೋ ಆಫೀಸ್ ಬಿಲ್ಡಿಂಗಲ್ಲಿ ಗ್ಯಾಸ್ ಇಂಜಿನ್ ಇದೆ, ಅದು ಕರೆಂಟ್ ಕೊಡತ್ತೆ, ಅದರ ಹೊಗೆ ಬಿಸೀಲೇ ಎಸಿಯ ಅಬ್ಸಾರ್ಪ್ಷನ್ ಚಿಲ್ಲರ್ (ಬಿಸಿ ಬಳಸಿ ಎಸಿಗೆ ನೀರು ತಣ್ಣಗೆ ಮಾಡೋ ಮಷೀನ್) ಓಡತ್ತೆ, ಇಂಜಿನ್ ಸುತ್ತ ಹರಿಯೋ ಜಾಕೆಟ್ ನೀರಿನ ಬಿಸಿ ಕ್ಯಾಂಟೀನ್ ಪಾತ್ರೆ ತೊಳೆಯೋಕೆ. ಏಪ್ರಿಲಲ್ಲಿ 7 ಡಿಗ್ರಿ ಬರ್ಬೇಕಾದ ಚಿಲ್ಡ್ ವಾಟರ್ 12ಕ್ಕೆ ನಿಂತ್ಬಿಡ್ತು. ಮೂರನೇ ಫ್ಲೋರಿಂದ ದಿನಾ ಫೋನು, "ಏನ್ ಸಾರ್, ಬೇಲೂರು ಬಸ್ಸಲ್ಲಿ ಕೂತಂಗಾಗ್ತಿದೆ" ಅಂತ.

ಎಲ್ರೂ ಇಂಜಿನ್ ಮೇಲೇ ಹಾಕಿದ್ರು. ನೋಡಿದ್ರೆ ಹೊಗೆ ಬಿಸಿ ಸರಿಯಾಗೇ ಇತ್ತು, ಚಿಲ್ಲರಿಗೆ ಹೊಗೆ ಬಿಡೋ ಡ್ಯಾಂಪರ್ ಪೂರ್ತಿ ಓಪನ್, ಕೂಲಿಂಗ್ ಟವರ್ ನೀರೂ ಪರ್ವಾಗಿಲ್ಲ. ಆಮೇಲೆ ಲಾಗ್‌ಬುಕ್ ತಿರುವಿ ಹಾಕ್ದಾಗ ಗೊತ್ತಾಯ್ತು, ಮೊದ್ಲು ವಾರಕ್ಕೊಂದ್ಸಲ ಮಾಡ್ತಿದ್ದ ಪರ್ಜ್ (ಚಿಲ್ಲರ್ ಒಳಗೆ ಸೇರಿದ ಗಾಳೀನ ಹೊರಗೆ ಎಳೆಯೋದು) ಈಗ ನೈಟ್ ಶಿಫ್ಟ್ ಹುಡುಗ ದಿನಕ್ಕೆರಡು ಸಲ ಮಾಡ್ತಿದ್ದ, ಯಾರಿಗೂ ಹೇಳಿರ್ಲಿಲ್ಲ ಪುಣ್ಯಾತ್ಮ!

ಈ ಮಷೀನ್ ಒಳಗೆ ಗಾಳೀನೇ ಇರ್ಬಾರ್ದು. ಒಳಗಿನ ಒತ್ತಡ ಆರೇಳು ಮಿಲಿಮೀಟರ್ ಪಾದರಸದಷ್ಟಿದ್ರೆ ನೀರು 5 ಡಿಗ್ರಿ ಆಸುಪಾಸಲ್ಲೇ ಕುದಿಯತ್ತೆ, ಆ ಆವೀನ ಲಿಥಿಯಂ ಬ್ರೋಮೈಡ್ ದ್ರಾವಣ ಹೀರ್ಕೊಳ್ಳತ್ತೆ. ಗಾಳಿ ನುಗ್ಗಿದ್ರೆ ಮುಗೀತು, ಕೂಲಿಂಗೂ ಹೋಗತ್ತೆ, ಒಳಗೆ ತುಕ್ಕೂ ಹಿಡಿಯತ್ತೆ.

ಭಾನುವಾರ ಮಷೀನ್ ನಿಲ್ಸಿ ನೈಟ್ರೋಜನ್ ತುಂಬ್ಸಿ, ಜಾಯಿಂಟ್ ಜಾಯಿಂಟಿಗೂ ಸೋಪಿನ ನೀರು ಬ್ರಷ್ಷಲ್ಲಿ ಬಳಿದ್ವಿ. ವೆಲ್ಡಿಂಗಲ್ಲಿ ಏನೂ ಇಲ್ಲ. ಪರ್ಜ್ ಲೈನಿನ ವಾಲ್ವ್ ಹತ್ರ ಸಾಸಿವೆ ಕಾಳಿನಷ್ಟು ಗುಳ್ಳೆ, ಒಂದಾದ್ಮೇಲೊಂದು. ಬಿಚ್ಚಿದ್ರೆ ರಬ್ಬರ್ ಡಯಾಫ್ರಮ್ ಅಂಚಲ್ಲಿ ಸೀಳಿತ್ತು. ಹೊಸದು ಹಾಕಿ ರಾತ್ರಿಯೆಲ್ಲಾ ವ್ಯಾಕ್ಯೂಮ್ ಪಂಪ್ ಓಡ್ಸಿದ್ವಿ.

ಸೋಮವಾರ ಹನ್ನೊಂದು ಗಂಟೆಗೆ 7.2. ಈಗ ಪರ್ಜ್ ಎಷ್ಟ್ ಸಲ ಆಯ್ತು ಅಂತ ಬೋರ್ಡಲ್ಲಿ ಬರೆಸ್ತೀನಿ.